ಇಳಕಲ್ಲಿನ ಕಲ್ಲು, ಪೊಟ್ಯಾಸಿಯಂನ ಲೆಕ್ಕ

ಅಮೀನಗಡದ ಹೆಸರು ಕೇಳಿದರೆ ಕನ್ನಡಿಗರ ಬಾಯಲ್ಲಿ ಮೊದಲು ಬರುವ ಮಾತು ಕರದಂಟು. ಅದರ ಹಿಂದೆಯೇ ಕುರಿ-ದನದ ಸಂತೆ. ನೆಲದಡಿಯ ವಿಚಾರ ಬಲ್ಲವರಿಗೆ ಈ ಊರು ಇನ್ನೊಂದು ಕಾರಣಕ್ಕೂ ಮುಖ್ಯ. ಎರಡು ಕಲ್ಲುಸೀಮೆಗಳು ಹತ್ತಿರ ಬರುವ ಎಡೆಯಲ್ಲಿ ಅದು ನೆಲೆಸಿದೆ. ಇಲ್ಲಿಂದ ಪೂರ್ವಕ್ಕೆ ಹುನಗುಂದ ದಾಟಿ ಇಳಕಲ್ಲಿನತ್ತ ಹೊರಟರೆ ಗ್ರಾನೈಟಿನ ಸೀಮೆ. ಇಳಕಲ್ ಸೀರೆಯಂತೆಯೇ ಹೆಸರು ಮಾಡಿ, ದೇಶ-ವಿದೇಶಗಳ ಕಟ್ಟಡಗಳಿಗೆ ಹೋಗುವ ಕೆಂಪು ಗ್ರಾನೈಟ್ ಅಲ್ಲಿಯದು. ನೈಋತ್ಯಕ್ಕೆ ಹೊರಟರೆ ಐಹೊಳೆ, ಪಟ್ಟದಕಲ್ಲು, ಬಾದಾಮಿ. ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿ ಹಿಡಿದು ಗುಡಿ ಕಟ್ಟಿದ, ಗುಹೆ ಕೊರೆದ ಮರಳುಗಲ್ಲಿನ ಸೀಮೆ ಅದು. ಹುನಗುಂದ–ಕುಷ್ಟಗಿ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ, ಕಬ್ಬಿಣದ ಪದರಗಳನ್ನು ಹೊತ್ತ ಪುರಾತನ ಶಿಲೆಗಳೂ ಇದೇ ನೆರೆಯಲ್ಲಿವೆ.

ಪರಮಾಣುವಿನ ಒಳಗೇನಿದೆ? ಒಂದು ಮೂಲವಸ್ತು ಇನ್ನೊಂದರಿಂದ ಬೇರೆಯಾಗುವುದು ಹೇಗೆ? ಒಂದೇ ಮೂಲವಸ್ತುವಿನಲ್ಲಿ ಹಗುರ ಪರಮಾಣು, ಭಾರದ ಪರಮಾಣು ಎಂಬ ಭೇದ ಎಲ್ಲಿಂದ ಬಂತು? ಈ ಅಧ್ಯಾಯದ ಪ್ರಶ್ನೆಗಳು ಇಷ್ಟೇ. ಮೂರಕ್ಕೂ ಉತ್ತರ ಇಳಕಲ್ಲಿನ ಕೆಂಪುಕಲ್ಲಿನ ಒಂದು ಚೂರಿನಲ್ಲಿ ಸಿಗುತ್ತದೆ. ಜೊತೆಗೆ, ಆ ಕಲ್ಲು ಹುಟ್ಟಿ ಎಷ್ಟು ಕಾಲವಾಯಿತು ಎಂಬುದಕ್ಕೂ ಅದರೊಳಗೇ ಲೆಕ್ಕವಿದೆ.

ಕಲ್ಲಿನ ಮೂರು ಬಣ್ಣ

ಪಾಲಿಶ್ ಮಾಡಿದ ಇಳಕಲ್ ಗ್ರಾನೈಟಿನ ತುಂಡೊಂದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ದೂರದಿಂದ ಒಂದೇ ಕೆಂಪಾಗಿ ಕಂಡದ್ದು ಹತ್ತಿರದಲ್ಲಿ ಮೂರಾಗಿ ಒಡೆಯುತ್ತದೆ. ಗುಲಾಬಿಗೆಂಪಿನ ದೊಡ್ಡ ಹರಳುಗಳು ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿವೆ. ಪಾಲಿಶ್ ಇಲ್ಲದ ಒರಟು ಮುಖದಲ್ಲಾದರೆ ಇವು ಸಪಾಟಾಗಿ ಸೀಳಿ, ಕಲ್ಲನ್ನು ಓರೆ ಮಾಡಿದಾಗ ಥಟ್ಟನೆ ಹೊಳೆಯುತ್ತವೆ. ಅವು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಅವುಗಳ ಸಂದಿಯಲ್ಲಿ ಗಾಜಿನಂತೆ ಬೂದುಬಣ್ಣದಲ್ಲಿ ಕಾಣುವುದು ಬೆಣಚು. ಅಲ್ಲಲ್ಲಿ ಚುಕ್ಕೆಗಳಾಗಿ ಕೂತ ಕರಿಯ ಹಾಳೆಗಳು ಕಪ್ಪು ಅಭ್ರಕ.

ಬೆಣಚಿನಲ್ಲಿ ಇರುವುದು ಎರಡೇ ಮೂಲವಸ್ತು, ಸಿಲಿಕಾನ್ ಮತ್ತು ಆಮ್ಲಜನಕ. ಫೆಲ್ಡ್‌ಸ್ಪಾರಿನಲ್ಲಿ ನಾಲ್ಕು. ಒಂದು ಪೊಟ್ಯಾಸಿಯಂ, ಒಂದು ಅಲ್ಯೂಮಿನಿಯಂ, ಮೂರು ಸಿಲಿಕಾನ್, ಎಂಟು ಆಮ್ಲಜನಕ, ಒಟ್ಟು ಹದಿಮೂರು ಪರಮಾಣುಗಳ ಜೋಡಣೆ ಮತ್ತೆ ಮತ್ತೆ ಬಂದು ಹರಳು ಕಟ್ಟಿಕೊಂಡಿದೆ. ಶುದ್ಧ ಫೆಲ್ಡ್‌ಸ್ಪಾರಿಗೆ ಈ ಕೆಂಪು ಇರುವುದಿಲ್ಲ. ಹರಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡಿದ ಕಬ್ಬಿಣದ ಆಕ್ಸೈಡ್ ಅದಕ್ಕೆ ಬಣ್ಣ ಕೊಟ್ಟಿದೆ. ಬಾದಾಮಿಯ ಗುಡ್ಡಗಳ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಅಲ್ಲಿ ಅದು ಮರಳಿನ ಕಾಳುಗಳ ಮೈಗೆ ಮೆತ್ತಿಕೊಂಡಿದೆ.

ಕಲ್ಲನ್ನು ಸುತ್ತಿಗೆಯಿಂದ ಒಡೆದರೆ ಹರಳುಗಳು ಬೇರೆಯಾಗುತ್ತವೆ. ಹರಳನ್ನು ಆಮ್ಲದಲ್ಲಿ ಕರಗಿಸಿದರೆ ಮೂಲವಸ್ತುಗಳು ಬೇರೆಯಾಗುತ್ತವೆ. ಅದರಿಂದಾಚೆಗೆ ಸುತ್ತಿಗೆ, ಬೆಂಕಿ, ಆಮ್ಲ ಯಾವುದೂ ನಡೆಯುವುದಿಲ್ಲ. ಪೊಟ್ಯಾಸಿಯಂ ಅನ್ನು ಎಷ್ಟು ಕಾಯಿಸಿದರೂ ಅದು ಪೊಟ್ಯಾಸಿಯಂ ಆಗಿಯೇ ಇರುತ್ತದೆ. ರೈತರು ಹೊಲಕ್ಕೆ ಚೆಲ್ಲುವ ಪೊಟ್ಯಾಷ್ ಗೊಬ್ಬರದಲ್ಲಿ, ಒಲೆಯ ಬೂದಿಯಲ್ಲಿ, ಕರದಂಟಿನ ಒಣದ್ರಾಕ್ಷಿ ಉತ್ತತ್ತಿಗಳಲ್ಲಿ, ನಮ್ಮ ನರ-ಸ್ನಾಯುಗಳಲ್ಲಿ ಇರುವುದು ಇದೇ ಪೊಟ್ಯಾಸಿಯಂ. ಕಲ್ಲು ಸವೆದು ಮಣ್ಣಾದಾಗ ಅದು ಮಣ್ಣಿಗೆ ಬರುತ್ತದೆ, ಬೇರಿನಿಂದ ಜೋಳದ ದಂಟಿಗೆ, ದಂಟಿನಿಂದ ಎತ್ತಿನ ಹೊಟ್ಟೆಗೆ, ಸಗಣಿಯಾಗಿ ಮತ್ತೆ ಮಣ್ಣಿಗೆ. ಇಷ್ಟು ಸುತ್ತಾಡಿದರೂ ಅದರ ಗುರುತು ಅಳಿಯುವುದಿಲ್ಲ. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಷ್ ಕ್ಷಾರದೊಳಗೆ ವಿದ್ಯುತ್ ಹಾಯಿಸಿ ಈ ಲೋಹವನ್ನು ಮೊದಲ ಬಾರಿಗೆ ಬಿಡಿಯಾಗಿ ಕಂಡ. ಆ ಗುರುತು ಅಷ್ಟು ಗಟ್ಟಿಯಾಗಿ ನಿಂತಿರುವುದು ಏತರ ಮೇಲೆ ಎಂದು ತಿಳಿಯಲು ಮಾತ್ರ ಇನ್ನೂ ನೂರು ವರ್ಷ ಬೇಕಾಯಿತು.

ಪರಮಾಣುವಿನ ನಡುವೆ

1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ. ಪರಮಾಣುವಿಗಿಂತ ಸಣ್ಣದು ಇದೆ ಎಂದು ಆಗ ಗೊತ್ತಾಯಿತು. 1909ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡನ ಪ್ರಯೋಗಶಾಲೆಯಲ್ಲಿ ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡನ್ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಹೆಚ್ಚಿನವು ಏನೂ ಅಡ್ಡ ಬಾರದಂತೆ ಆಚೆ ಹೋದವು. ಎಲ್ಲೋ ಕೆಲವು ಮಾತ್ರ ಬಂದ ದಾರಿಗೇ ತಿರುಗಿದವು. ಇದಕ್ಕೆ ಅರ್ಥ ಹುಡುಕಿದ ರುದರ್‌ಫೋರ್ಡ್ 1911ರಲ್ಲಿ ಪರಮಾಣುವಿನ ಚಿತ್ರವನ್ನೇ ಬದಲಿಸಿದ. ಪರಮಾಣುವಿನ ತೂಕವೆಲ್ಲ ನಡುವಿನ ಅತಿ ಸಣ್ಣ ಬೀಜಕೇಂದ್ರದಲ್ಲಿ ಅಡಗಿದೆ, ಉಳಿದ ವಿಸ್ತಾರದಲ್ಲಿ ಎಲೆಕ್ಟ್ರಾನುಗಳಿವೆ ಎಂದ.

ಎಷ್ಟು ಸಣ್ಣದು ಈ ಬೀಜಕೇಂದ್ರ? ಅಮೀನಗಡದ ಸಂತೆ ಮೈದಾನದ ನಟ್ಟನಡುವೆ ಒಂದು ಬಿಳಿಜೋಳದ ಕಾಳನ್ನಿಟ್ಟು ಅದೇ ಪೊಟ್ಯಾಸಿಯಂನ ಬೀಜಕೇಂದ್ರ ಎಂದುಕೊಂಡರೆ, ಪರಮಾಣುವಿನ ಅಂಚು ಎಲ್ಲ ದಿಕ್ಕಿಗೂ ಸುಮಾರು ನೂರು ಮೀಟರ್ ದೂರದಲ್ಲಿರುತ್ತದೆ. ತೂಕದಲ್ಲಿ ಮಾತ್ರ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಆ ಕಾಳಿನದೇ.

ಬೀಜಕೇಂದ್ರದಲ್ಲಿ ಎರಡು ಬಗೆಯ ಕಣಗಳಿವೆ. ಧನ ವಿದ್ಯುದಂಶವುಳ್ಳದ್ದು ಪ್ರೋಟಾನ್. ವಿದ್ಯುದಂಶವಿಲ್ಲದ್ದು ನ್ಯೂಟ್ರಾನ್, ಅದನ್ನು 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಎಲೆಕ್ಟ್ರಾನಿನ ತೂಕ ಪ್ರೋಟಾನಿನ ಸುಮಾರು 1,836ರಲ್ಲಿ ಒಂದು ಪಾಲು.

ಮೂಲವಸ್ತುವಿನ ಗುರುತು ನಿಂತಿರುವುದು ಪ್ರೋಟಾನುಗಳ ಸಂಖ್ಯೆಯ ಮೇಲೆ. ಎಂಟು ಪ್ರೋಟಾನ್ ಇದ್ದರೆ ಆಮ್ಲಜನಕ, ಹದಿಮೂರಿದ್ದರೆ ಅಲ್ಯೂಮಿನಿಯಂ, ಹದಿನಾಲ್ಕಿದ್ದರೆ ಸಿಲಿಕಾನ್, ಹತ್ತೊಂಬತ್ತಿದ್ದರೆ ಪೊಟ್ಯಾಸಿಯಂ, ಇಪ್ಪತ್ತಾರಿದ್ದರೆ ಕಬ್ಬಿಣ. ನಡುವೆ ಅರ್ಧ, ಮುಕ್ಕಾಲು ಎಂಬುದಿಲ್ಲ. ಇದನ್ನು ಪ್ರಯೋಗದಿಂದ ಗಟ್ಟಿಮಾಡಿದವನು ಹೆನ್ರಿ ಮೋಸ್ಲಿ. 1913ರಲ್ಲಿ ಒಂದೊಂದೇ ಮೂಲವಸ್ತುವಿನಿಂದ ಹೊಮ್ಮುವ ಎಕ್ಸ್-ಕಿರಣಗಳನ್ನು ಅಳೆದು, ಪ್ರತಿಯೊಂದಕ್ಕೂ ಒಂದು ಪೂರ್ಣಾಂಕವಿದೆ ಎಂದು ತೋರಿಸಿದ. ಅದೇ ಪರಮಾಣು ಸಂಖ್ಯೆ. ಎರಡು ವರ್ಷಗಳ ನಂತರ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಆತ ಗ್ಯಾಲಿಪೊಲಿಯ ಯುದ್ಧದಲ್ಲಿ ಸತ್ತ. ವಿಜ್ಞಾನಕ್ಕೆ ಅದೊಂದು ದೊಡ್ಡ ನಷ್ಟ.

ಕೊಳವೆಬಾವಿಯಲ್ಲಿ ಎಲೆಕ್ಟ್ರಾನಿನ ಕೆಲಸ

ಗುರುತು ಪ್ರೋಟಾನಿನದಾದರೆ, ನಡತೆ ಎಲೆಕ್ಟ್ರಾನಿನದು. ಪರಮಾಣುವಿನಲ್ಲಿ ಪ್ರೋಟಾನುಗಳಷ್ಟೇ ಎಲೆಕ್ಟ್ರಾನುಗಳಿರುತ್ತವೆ, ಕವಚ ಕವಚವಾಗಿ ಹಂಚಿಕೊಂಡಿರುತ್ತವೆ. ಪೊಟ್ಯಾಸಿಯಂನ 19 ಎಲೆಕ್ಟ್ರಾನುಗಳ ಹಂಚಿಕೆ 2, 8, 8, 1. ಹೊರಗಿನ ಕವಚದಲ್ಲಿ ಒಂಟಿಯಾಗಿರುವ ಆ ಒಂದನ್ನು ಅದು ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗಾಗಿಯೇ ಶುದ್ಧ ಪೊಟ್ಯಾಸಿಯಂ ನೀರಿಗೆ ಬಿದ್ದರೆ ಬೆಂಕಿ ಏಳುತ್ತದೆ. ನಿಸರ್ಗದಲ್ಲಿ ಅದು ಬಿಡಿಯಾಗಿ ಸಿಗದಿರುವುದಕ್ಕೂ ಇದೇ ಕಾರಣ.

ಇದಕ್ಕೆ ತದ್ವಿರುದ್ಧ ಫ್ಲೋರಿನ್. ಅದರ ಒಂಬತ್ತು ಎಲೆಕ್ಟ್ರಾನುಗಳ ಹಂಚಿಕೆ 2, 7. ಹೊರಗಿನ ಕವಚ ತುಂಬಲು ಒಂದೇ ಒಂದು ಕಡಿಮೆ. ಆ ಒಂದನ್ನು ಯಾರಿಂದಾದರೂ ಕಿತ್ತುಕೊಂಡು ಅದು ಫ್ಲೋರೈಡ್ ಆಗುತ್ತದೆ. ಹುನಗುಂದ, ಇಳಕಲ್ ಭಾಗದ ಜನರಿಗೆ ಈ ಹೆಸರು ಹೊಸದಲ್ಲ. ಗ್ರಾನೈಟಿನ ಅಭ್ರಕ ಮತ್ತಿತರ ಖನಿಜಗಳಲ್ಲಿ ಫ್ಲೋರಿನ್ ಸ್ವಲ್ಪ ಪ್ರಮಾಣದಲ್ಲಿರುತ್ತದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕೊಳವೆಬಾವಿ ಆಳಕ್ಕೆ ಹೋದ ಕಡೆ ಆ ನೀರೇ ಕೊಡಕ್ಕೆ ಬರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು ಎನ್ನುತ್ತದೆ. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಬಿರುಸಾಗಿ ಕೀಲು ಹಿಡಿಯುತ್ತದೆ.

ಮೂಳೆಗೆ ಫ್ಲೋರೈಡ್ ಹೊಗುವುದು ಹೇಗೆ ಎಂಬುದರಲ್ಲಿ ಪರಮಾಣುವಿನ ಪಾಠವಿದೆ. ಹಲ್ಲು, ಮೂಳೆಗಳ ಖನಿಜದಲ್ಲಿ ಆಮ್ಲಜನಕ-ಜಲಜನಕ ಸೇರಿದ ಹೈಡ್ರಾಕ್ಸೈಡ್ ಎಂಬ ಜೋಡಿ ಕೂರುವ ಜಾಗಗಳಿವೆ. ಫ್ಲೋರೈಡಿನ ಗಾತ್ರವೂ ವಿದ್ಯುದಂಶವೂ ಆ ಜೋಡಿಯನ್ನು ಬಹಳ ಹೋಲುತ್ತವೆ. ಆದ್ದರಿಂದ ಫ್ಲೋರೈಡ್ ಅಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದ ನೀರು ಫ್ಲೋರೈಡಿನ ಮಟ್ಟಿಗೆ ಇನ್ನಷ್ಟು ಕೆಟ್ಟದ್ದೇ ಆಗುತ್ತದೆ. ಮೂಲವಸ್ತು ಬೆಂಕಿಗೆ ಅಳಿಯುವುದಿಲ್ಲ ಎಂಬ ಮಾತು ಮನೆಯ ನೀರಿನ ಕೊಡದಲ್ಲೂ ಅಷ್ಟೇ ನಿಜ.

ಪೊಟ್ಯಾಸಿಯಂನ ಮೂರು ತೂಕ

ಇನ್ನು ನ್ಯೂಟ್ರಾನಿನ ಸರದಿ. ಪ್ರೋಟಾನ್ ಹತ್ತೊಂಬತ್ತು ಇದ್ದರೆ ಪೊಟ್ಯಾಸಿಯಂ ಆಯಿತು. ನ್ಯೂಟ್ರಾನುಗಳು ಎಷ್ಟಿರಬೇಕು ಎಂಬುದಕ್ಕೆ ಅಷ್ಟು ಬಿಗಿಯಿಲ್ಲ. ನಿಸರ್ಗದ ಪೊಟ್ಯಾಸಿಯಂನಲ್ಲಿ ಮೂರು ಬಗೆ ಇವೆ. 20 ನ್ಯೂಟ್ರಾನ್ ಇರುವುದು ಪೊಟ್ಯಾಸಿಯಂ-39, ನೂರಕ್ಕೆ 93.26 ಪಾಲು ಇದೇ. 22 ನ್ಯೂಟ್ರಾನ್ ಇರುವುದು ಪೊಟ್ಯಾಸಿಯಂ-41, ನೂರಕ್ಕೆ 6.73 ಪಾಲು. ಇವೆರಡರ ನಡುವೆ 21 ನ್ಯೂಟ್ರಾನಿನ ಪೊಟ್ಯಾಸಿಯಂ-40 ಇದೆ. ಅದರ ಪಾಲು ನೂರಕ್ಕೆ 0.0117 ಮಾತ್ರ, ಅಂದರೆ ಹತ್ತು ಸಾವಿರ ಪರಮಾಣುಗಳಲ್ಲಿ ಒಂದೋ ಎರಡೋ.

ಪ್ರೋಟಾನ್ ಸಂಖ್ಯೆ ಒಂದೇ ಆಗಿ, ನ್ಯೂಟ್ರಾನ್ ಸಂಖ್ಯೆ ಬೇರೆಯಾದ ಇಂಥ ಪರಮಾಣುಗಳೇ ಐಸೋಟೋಪುಗಳು ಅಥವಾ ಸಮಸ್ಥಾನಿಗಳು. 1913ರಲ್ಲಿ ಫ್ರೆಡರಿಕ್ ಸಾಡಿ ಈ ವಿಚಾರವನ್ನು ಮುಂದಿಟ್ಟ. ಎಲೆಕ್ಟ್ರಾನುಗಳ ಹಂಚಿಕೆ ಮೂರರಲ್ಲೂ ಒಂದೇ ಆಗಿರುವುದರಿಂದ ರಾಸಾಯನಿಕ ನಡತೆಯೂ ಒಂದೇ. ಜೋಳದ ಬೇರು 39 ಯಾವುದು, 40 ಯಾವುದು ಎಂದು ಆರಿಸಿಕೊಳ್ಳುವುದಿಲ್ಲ. ಎಲ್ಲ ಮೂಲವಸ್ತುಗಳಿಗೂ ಇಂಥ ಭೇದ ನಿಸರ್ಗದಲ್ಲಿ ಇರಬೇಕೆಂದೇನಿಲ್ಲ. ಅಲ್ಯೂಮಿನಿಯಂನಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಬಗೆ, ಫ್ಲೋರಿನ್ನಿನಲ್ಲೂ ಹಾಗೆಯೇ. ಕಬ್ಬಿಣದಲ್ಲಿ ನಾಲ್ಕು ಬಗೆ, 54, 56, 57, 58. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು 56.

ಪೊಟ್ಯಾಸಿಯಂ ಮಂದವಾದ ಕಿರಣ ಸೂಸುತ್ತದೆ ಎಂದು 1906ರಲ್ಲೇ ನಾರ್ಮನ್ ಕ್ಯಾಂಪ್‌ಬೆಲ್ ಗಮನಿಸಿದ್ದ. ಅದಕ್ಕೆ ಕಾರಣವಾದ ಪೊಟ್ಯಾಸಿಯಂ-40 ಇದೆ ಎಂದು ಆಲ್ಫ್ರೆಡ್ ನೀಯರ್ ತೋರಿಸಿದ್ದು 1935ರಲ್ಲಿ. 19 ಪ್ರೋಟಾನ್, 21 ನ್ಯೂಟ್ರಾನ್, ಎರಡೂ ಬೆಸ ಸಂಖ್ಯೆ. ಬೀಜಕೇಂದ್ರದಲ್ಲಿ ಇಂಥ ಬೆಸ-ಬೆಸ ಕೂಟ ಬಹುತೇಕ ಬಾಳಿಕೆ ಬರುವುದಿಲ್ಲ. ಇದು ಎರಡು ದಾರಿಯಲ್ಲಿ ಕೊನೆಗೊಳ್ಳುತ್ತದೆ. ನೂರರಲ್ಲಿ ಸುಮಾರು 89 ಸಲ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಬದಲಾಗಿ, ಎಲೆಕ್ಟ್ರಾನೊಂದು ಹೊರಗೆ ಸಿಡಿಯುತ್ತದೆ. ಪ್ರೋಟಾನ್ ಸಂಖ್ಯೆ 20 ಆಯಿತು, ಪೊಟ್ಯಾಸಿಯಂ ಕ್ಯಾಲ್ಸಿಯಂ-40 ಆಯಿತು. ಉಳಿದ ಸುಮಾರು 11 ಸಲ ಬೀಜಕೇಂದ್ರವು ಒಳಗವಚದ ಎಲೆಕ್ಟ್ರಾನೊಂದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಒಂದು ಪ್ರೋಟಾನ್ ನ್ಯೂಟ್ರಾನಾಗುತ್ತದೆ. ಪ್ರೋಟಾನ್ 18ಕ್ಕೆ ಇಳಿಯಿತು, ಆರ್ಗಾನ್-40 ಎಂಬ ಅನಿಲ ಹುಟ್ಟಿತು. ಬೆಂಕಿ, ಆಮ್ಲಗಳು ಮಾಡಲಾಗದ ಕೆಲಸವನ್ನು ಬೀಜಕೇಂದ್ರ ತಾನಾಗಿ ಮಾಡಿತು. ಒಂದು ಮೂಲವಸ್ತು ಇನ್ನೊಂದಾಯಿತು.

ಆವರ್ತ ಕೋಷ್ಟಕದ ಒಂದು ತೊಡಕು

ಈ ಸಣ್ಣ ಘಟನೆ ಒಂದು ಹಳೆಯ ತೊಡಕನ್ನು ಬಿಡಿಸುತ್ತದೆ. 1869ರಲ್ಲಿ ರಷ್ಯದ ಮೆಂಡಲೀವ್ ಮೂಲವಸ್ತುಗಳನ್ನು ಬಹುಮಟ್ಟಿಗೆ ಅವುಗಳ ಪರಮಾಣು ತೂಕದ ಏರಿಕೆಯಲ್ಲಿ ಜೋಡಿಸಿದ್ದ. 1894ರಲ್ಲಿ ರೇಲಿ ಮತ್ತು ರ‍್ಯಾಮ್ಸೆ ಗಾಳಿಯಲ್ಲಿ ಆರ್ಗಾನ್ ಕಂಡುಹಿಡಿದಾಗ ಪೇಚು ಶುರುವಾಯಿತು. ಆರ್ಗಾನಿನ ಪರಮಾಣು ತೂಕ 39.95, ಪೊಟ್ಯಾಸಿಯಂನದು 39.10. ತೂಕವನ್ನು ನಂಬಿದರೆ ಆರ್ಗಾನ್ ಪೊಟ್ಯಾಸಿಯಂನ ಆಚೆ ಹೋಗಬೇಕು, ಗುಣವನ್ನು ನಂಬಿದರೆ ಈಚೆ ಇರಬೇಕು. ಮೋಸ್ಲಿಯ ಅಳತೆಯಿಂದ ಆರ್ಗಾನಿಗೆ 18, ಪೊಟ್ಯಾಸಿಯಂಗೆ 19 ಎಂದು ತೀರ್ಮಾನವಾಯಿತು. ಹಾಗಾದರೆ ಆರ್ಗಾನಿಗೆ ಇಷ್ಟು ತೂಕ ಬಂದದ್ದೆಲ್ಲಿಂದ?

ಕಲ್ಲುಗಳಿಂದ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 0.93 ಪಾಲು ಆರ್ಗಾನ್, ಅದರಲ್ಲಿ ನೂರಕ್ಕೆ 99.6 ಪಾಲು ಆರ್ಗಾನ್-40. ಅದೆಲ್ಲ ಭೂಮಿಯ ಕಲ್ಲುಗಳಲ್ಲಿದ್ದ ಪೊಟ್ಯಾಸಿಯಂ-40 ಅಳಿದು ಹುಟ್ಟಿ, ಕಲ್ಲು ಕರಗಿದಾಗ, ಸವೆದಾಗ, ಜ್ವಾಲಾಮುಖಿ ಉಕ್ಕಿದಾಗ ಹೊರಬಂದದ್ದು. ಪಠ್ಯಪುಸ್ತಕದ ಕೋಷ್ಟಕದಲ್ಲಿ ಎರಡು ಮನೆಗಳ ತೂಕ ಹಿಂದುಮುಂದಾಗಿ ಕಾಣುವುದಕ್ಕೆ ಇಳಕಲ್ಲಿನಂಥ ಸೀಮೆಗಳ ಫೆಲ್ಡ್‌ಸ್ಪಾರ್ ಕಾರಣ.

ಎರಡು ಅರ್ಧಾಯುವಿನ ಕಲ್ಲು

ಯಾವ ಪೊಟ್ಯಾಸಿಯಂ-40 ಪರಮಾಣು ಯಾವಾಗ ಅಳಿಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ಕೋಟಿಗಟ್ಟಲೆ ಪರಮಾಣುಗಳನ್ನು ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ಅಚ್ಚುಕಟ್ಟು. ಅವುಗಳಲ್ಲಿ ಅರ್ಧದಷ್ಟು ಅಳಿಯಲು 125 ಕೋಟಿ ವರ್ಷ ಬೇಕು. ಇದೇ ಅರ್ಧಾಯು. ಮತ್ತೆ 125 ಕೋಟಿ ವರ್ಷ ಕಳೆದರೆ ಉಳಿದರ್ಧದಲ್ಲಿ ಅರ್ಧ ಹೋಗುತ್ತದೆ. ಬಿಸಿ, ಒತ್ತಡ, ರಾಸಾಯನಿಕ ಯಾವುದಕ್ಕೂ ಈ ವೇಗ ಜಗ್ಗುವುದಿಲ್ಲ.

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿಕೊಂಡ ಗ್ರಾನೈಟಿನ ಸಾಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 252 ಕೋಟಿ ವರ್ಷ ಎಂದು 1990ರ ದಶಕದಲ್ಲಿ ಎಂ. ಜಯಾನಂದ ಮತ್ತು ಅವರ ಸಹೋದ್ಯೋಗಿಗಳು ಅಳೆದು ತೋರಿಸಿದರು. ಪೂರ್ವ ಕರ್ನಾಟಕದ ಗ್ರಾನೈಟುಗಳ ದೊಡ್ಡ ಭಾಗ, ಇಳಕಲ್ ಸೀಮೆಯ ಕೆಂಪುಕಲ್ಲೂ ಸೇರಿ, ಹೆಚ್ಚುಕಡಿಮೆ ಅದೇ ಯುಗದ್ದು, ಸುಮಾರು 250 ಕೋಟಿ ವರ್ಷ ಹಿಂದಿನದು. ಎರಡು ಅರ್ಧಾಯು ಎಂದರೂ 250 ಕೋಟಿ ವರ್ಷವೇ.

ಹೀಗಾಗಿ ಇಳಕಲ್ಲಿನ ಕಲ್ಲಿನಲ್ಲಿ ಲೆಕ್ಕ ಬಾಯಲ್ಲೇ ಹೇಳುವಷ್ಟು ಸುಲಭ. ಕಲ್ಲು ಹೆಪ್ಪುಗಟ್ಟಿದಾಗ ನೂರು ಪೊಟ್ಯಾಸಿಯಂ-40 ಇತ್ತು ಎಂದುಕೊಳ್ಳಿ. ಇಂದು ಉಳಿದಿರುವುದು 25. ಅಳಿದ 75ರಲ್ಲಿ 67 ಕ್ಯಾಲ್ಸಿಯಂ ಆದವು, 8 ಆರ್ಗಾನ್ ಆದವು. ಕ್ಯಾಲ್ಸಿಯಂ ವಯಸ್ಸು ಹೇಳಲು ಅಷ್ಟಾಗಿ ನೆರವಾಗದು, ಏಕೆಂದರೆ ಕಲ್ಲಿನಲ್ಲಿ ಮೊದಲೇ ಇದ್ದ ಕ್ಯಾಲ್ಸಿಯಂನಲ್ಲೂ ಹೆಚ್ಚಿನದು ಕ್ಯಾಲ್ಸಿಯಂ-40. ಹೊಸದು ಹಳೆಯದರಲ್ಲಿ ಬೆರೆತು ಹೋಗುತ್ತದೆ. ಆರ್ಗಾನ್ ಹಾಗಲ್ಲ. ಅದರ ಹೊರಗವಚ ತುಂಬಿರುವುದರಿಂದ ಯಾವುದರೊಂದಿಗೂ ಅದು ಕೂಡುವುದಿಲ್ಲ. ಕಲ್ಲು ಕರಗಿದ ಸ್ಥಿತಿಯಲ್ಲಿದ್ದಾಗ ಇದ್ದಬದ್ದ ಆರ್ಗಾನೆಲ್ಲ ಹಾರಿಹೋಗಿರುತ್ತದೆ. ಹರಳುಗಟ್ಟಿ ತಣಿದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಉಳಿದ ಪೊಟ್ಯಾಸಿಯಂ ಎಷ್ಟು, ಸಿಕ್ಕಿಬಿದ್ದ ಆರ್ಗಾನ್ ಎಷ್ಟು ಎಂದು ಅಳೆದರೆ ತಣಿದ ಕಾಲ ಸಿಗುತ್ತದೆ. ಪೊಟ್ಯಾಸಿಯಂ ಖನಿಜಗಳಲ್ಲಿ ಇಂಥ ಆರ್ಗಾನ್ ಇದೆ ಎಂದು 1948ರಲ್ಲಿ ಆಲ್ಡ್ರಿಚ್ ಮತ್ತು ನೀಯರ್ ತೋರಿಸಿದ ಮೇಲೆ ಈ ವಿಧಾನ ಜಗತ್ತಿನಾದ್ಯಂತ ಬಳಕೆಗೆ ಬಂತು.

ಇಲ್ಲೊಂದು ಸೂಕ್ಷ್ಮವನ್ನು ಬಿಡದೆ ಗಮನಿಸಬೇಕು. ಕರದಂಟಿನ ಒಣದ್ರಾಕ್ಷಿಯಲ್ಲಿರುವ ಪೊಟ್ಯಾಸಿಯಂ-40 ಕೂಡ 250 ಕೋಟಿ ವರ್ಷಗಳಲ್ಲಿ ನಾಲ್ಕನೇ ಒಂದಕ್ಕೆ ಇಳಿದಿದೆ. ಅದರ ಪರಮಾಣುಗಳೂ ಭೂಮಿಯಷ್ಟೇ ಹಳೆಯವು, ಇನ್ನೂ ಹಳೆಯವು. ದ್ರಾಕ್ಷಿಯ ವಯಸ್ಸು ಮಾತ್ರ ಅದರಿಂದ ತಿಳಿಯದು, ಏಕೆಂದರೆ ದಾರಿಯಲ್ಲಿ ಹುಟ್ಟಿದ ಆರ್ಗಾನ್ ಎಂದೋ ಗಾಳಿಗೆ ಸೇರಿದೆ. ಅಳಿಯುವುದು ಎಲ್ಲೆಡೆ ಒಂದೇ ಸಮನೆ ನಡೆದಿದೆ. ಅಳಿದದ್ದರ ಗುರುತನ್ನು ಬಿಡದೆ ಹಿಡಿದಿಟ್ಟುಕೊಂಡದ್ದು ಕಲ್ಲು. ನಮಗೆ ಕಾಲವನ್ನು ಹೇಳುವುದು ಆ ಹಿಡಿದಿಟ್ಟ ಗುರುತು.

ಕಲ್ಲೂ ಕೆಲವೊಮ್ಮೆ ಹಿಡಿತ ಸಡಿಲಿಸುತ್ತದೆ. ಮತ್ತೆ ಬಿಸಿಯಾದರೆ ಫೆಲ್ಡ್‌ಸ್ಪಾರಿನಿಂದ ಆರ್ಗಾನ್ ಸೋರಿ, ವಯಸ್ಸು ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಅದಕ್ಕೇ ಇಂಥ ಪುರಾತನ ಗ್ರಾನೈಟುಗಳ ಹುಟ್ಟನ್ನು ತಿಳಿಯಲು ವಿಜ್ಞಾನಿಗಳು ಜಿರ್ಕಾನ್ ಎಂಬ ಖನಿಜವನ್ನು ಹುಡುಕುತ್ತಾರೆ. ಕಲ್ಲನ್ನು ಪುಡಿ ಮಾಡಿ, ನೀರಿನಲ್ಲಿ ತೊಳೆದು, ಆಯಸ್ಕಾಂತಕ್ಕೆ ಅಂಟುವುದನ್ನು ತೆಗೆದು, ಭಾರವಾದ ದ್ರವದಲ್ಲಿ ಮುಳುಗುವುದನ್ನು ಉಳಿಸಿಕೊಳ್ಳುತ್ತಾರೆ. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ, ಮಿಲಿಮೀಟರಿನ ಹತ್ತನೇ ಒಂದರಷ್ಟು ಉದ್ದದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸಕ್ಕೆ ಎಡೆ ಕೊಡುವುದಿಲ್ಲ. ಮುಂದೆ ಅದರಲ್ಲಿ ಸಿಗುವ ಸೀಸ ಯುರೇನಿಯಂ ಅಳಿದು ಬಂದದ್ದೇ ಎಂದು ನಂಬಬಹುದು. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ, ಅದು ಕೊನೆಗೆ ಸೀಸ-206 ಆಗುತ್ತದೆ. ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ, ಅದು ಸೀಸ-207 ಆಗುತ್ತದೆ. 252 ಕೋಟಿ ವರ್ಷಗಳಲ್ಲಿ ಮೊದಲನೆಯದು ನೂರಕ್ಕೆ ಸುಮಾರು 68 ಉಳಿದರೆ, ಎರಡನೆಯದು ಎಂಟರ ಆಸುಪಾಸು ಉಳಿಯುತ್ತದೆ. ಒಂದೇ ಕಾಳಿನಲ್ಲಿ ಎರಡು ಬೇರೆ ಬೇರೆ ವೇಗದ ಲೆಕ್ಕ. ಎರಡೂ ಒಂದೇ ವಯಸ್ಸು ಹೇಳಿದರೆ ಆ ಉತ್ತರವನ್ನು ಅಲುಗಿಸುವುದು ಕಷ್ಟ.

ಐಹೊಳೆಯ ಶಾಸನ, ಬಾದಾಮಿಯ ಮರಳು

ಅಮೀನಗಡದ ಇನ್ನೊಂದು ದಿಕ್ಕಿಗೆ ತಿರುಗೋಣ. ಬಾದಾಮಿ, ಐಹೊಳೆಗಳ ಮರಳುಗಲ್ಲು ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದ ಮೇಲೆ ಅವುಗಳ ಮರಳಿನಿಂದ ಆದದ್ದು. ಸವೆಯುವಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅದರ ಪೊಟ್ಯಾಸಿಯಂ ನೀರಿನ ಪಾಲಾಗುತ್ತದೆ. ಗಟ್ಟಿಯಾದ ಬೆಣಚು ಮರಳಾಗಿ ಉಳಿಯುತ್ತದೆ. ಆ ಮರಳಿನ ನಡುವೆ ಜಿರ್ಕಾನಿನ ಕಾಳುಗಳೂ ಅಳಿಯದೆ ಸೇರಿಕೊಳ್ಳುತ್ತವೆ. ಅವುಗಳ ವಯಸ್ಸು ಮರಳುಗಲ್ಲಿನದಲ್ಲ, ಮರಳು ಬಂದ ಮೂಲಶಿಲೆಯದು. ಬೆಳಗಾವಿ ಜಿಲ್ಲೆಯ ದೇಶನೂರಿನ ಬಳಿ ಇದೇ ಬಾದಾಮಿ ಶಿಲಾಸಮೂಹದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ಅನ್ನೂ ಗುರುತಿಸಿದೆ.

ಈ ಕಲ್ಲಿನ ಮೇಲೆ ಮನುಷ್ಯರು ಬರೆದ ತೇದಿಗಳೂ ಇವೆ. ಬಾದಾಮಿಯ ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು, ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನ 634ರದು. ಶಾಸನವಿಲ್ಲದ ಕಡೆ, ಮನುಷ್ಯರ ಕಾಲವನ್ನು ಅಳೆಯಲು ಇನ್ನೊಂದು ಐಸೋಟೋಪ್ ಬೇಕು. ಅದು ಕಾರ್ಬನ್-14, ಅರ್ಧಾಯು 5,730 ವರ್ಷ. ಯಾದಗಿರಿ ಜಿಲ್ಲೆಯ ಕೊಡೇಕಲ್, ಬೂದಿಹಾಳಗಳಲ್ಲಿ ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ಬೂದಿದಿಬ್ಬಗಳಿವೆ. ಇಂಥ ನೆಲೆಗಳ ಇದ್ದಿಲು, ಮೂಳೆಗಳಲ್ಲಿ ಉಳಿದ ಕಾರ್ಬನ್-14 ಅಳೆದು ದಕ್ಷಿಣದ ಈ ಪಶುಪಾಲಕರು ನಾಲ್ಕೈದು ಸಾವಿರ ವರ್ಷ ಹಿಂದಿನವರು ಎಂದು ತಿಳಿದದ್ದು. ಸುಮಾರು ಐವತ್ತು ಸಾವಿರ ವರ್ಷಕ್ಕಿಂತ ಹಳೆಯದರಲ್ಲಿ ಅದು ಅಳೆಯುವಷ್ಟು ಉಳಿಯುವುದಿಲ್ಲ. ಇಳಕಲ್ಲಿನ ಕಲ್ಲಿಗೆ ಕಾರ್ಬನ್ ಸಾಲದು, ಬೂದಿದಿಬ್ಬಕ್ಕೆ ಯುರೇನಿಯಂ ಸಲ್ಲದು. ಕೇಳುವ ಪ್ರಶ್ನೆಗೆ ತಕ್ಕ ಅರ್ಧಾಯುವನ್ನು ಆರಿಸುವುದೇ ಈ ವಿದ್ಯೆಯ ಜಾಣ್ಮೆ.

ಹೆದರಬೇಕಾದ್ದು ಯಾವುದಕ್ಕೆ

ವಿಕಿರಣ ಎಂದೊಡನೆ ಅಂಜುವವರಿಗೆ ಲೆಕ್ಕ ಹೇಳಬೇಕು. ಒಂದು ಘನಮೀಟರ್ ಗ್ರಾನೈಟ್ ಸುಮಾರು 2.6 ಟನ್ ತೂಗುತ್ತದೆ. ಇಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ನೂರು ಕಿಲೋದಷ್ಟು ಪೊಟ್ಯಾಸಿಯಂ ಇರುತ್ತದೆ, ಅದರಲ್ಲಿ ಪೊಟ್ಯಾಸಿಯಂ-40 ಸುಮಾರು 12 ಗ್ರಾಂ. ಅಲ್ಲಿ ಸೆಕೆಂಡಿಗೆ ಸುಮಾರು 31 ಲಕ್ಷ ಪರಮಾಣುಗಳು ಅಳಿಯುತ್ತಿರುತ್ತವೆ. ಎಪ್ಪತ್ತು ಕಿಲೋ ತೂಕದ ಮನುಷ್ಯನ ಮೈಯಲ್ಲೂ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇದ್ದು, ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಅಳಿಯುತ್ತವೆ. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಈ ಸಂಖ್ಯೆ ಇಪ್ಪತ್ತರ ಆಸುಪಾಸು. ಜೀವಿಗಳು ಹುಟ್ಟಿದ್ದೇ ಈ ವಿಕಿರಣದ ನಡುವೆ, ಅದೂ ಇಂದಿಗಿಂತ ಹೆಚ್ಚಿದ್ದ ಕಾಲದಲ್ಲಿ. ಪೊಟ್ಯಾಸಿಯಂ ಹೆಚ್ಚಾದರೆ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕರದಂಟು ತಿನ್ನಲು, ಗ್ರಾನೈಟ್ ನೆಲದ ಮೇಲೆ ನಡೆಯಲು ಇದರಿಂದ ಯಾವ ಅಡ್ಡಿಯೂ ಇಲ್ಲ.

ಅಂಜಬೇಕಾದ್ದು ಕಲ್ಲಿನ ದೂಳಿಗೆ. ಗ್ರಾನೈಟ್ ಕೊರೆಯುವಾಗ, ಕತ್ತರಿಸುವಾಗ ಬೆಣಚಿನ ನುಣ್ಣನೆಯ ಪುಡಿ ಗಾಳಿಗೆ ಏಳುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಬರುವುದಿಲ್ಲ. ವರ್ಷಗಳ ಮೇಲೆ ಸಿಲಿಕೋಸಿಸ್ ಆಗುತ್ತದೆ, ಗುಣವಾಗದ ಕಾಯಿಲೆ ಅದು. ಕ್ವಾರಿ ಮತ್ತು ಪಾಲಿಶ್ ಕೆಲಸದವರಿಗೆ ನೀರು ಹಾಯಿಸಿ ಕೊರೆಯುವ ಏರ್ಪಾಡು, ಒಳ್ಳೆಯ ಮುಖಗವಸು, ವರ್ಷಕ್ಕೊಮ್ಮೆ ಎದೆಯ ತಪಾಸಣೆ ತಪ್ಪದೆ ಸಿಗಬೇಕು.

ಈ ಸೀಮೆಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಪರಮಾಣು ರಚನೆಯ ಪಾಠ ಶುರುಮಾಡುವ ದಿನ ಬೋರ್ಡಿನ ಮೇಲೆ ವೃತ್ತಗಳನ್ನು ಬರೆಯುವ ಮೊದಲು ಗ್ರಾನೈಟ್ ಕಾರ್ಖಾನೆಯ ಹೊರಗೆ ಬಿದ್ದಿರುವ ಒಂದು ಚೂರನ್ನು ತನ್ನಿ, ಮಕ್ಕಳ ಕೈಗೆ ಕೊಡಿ. ಗುಲಾಬಿ ಹರಳನ್ನು ತೋರಿಸಿ, ಹತ್ತೊಂಬತ್ತು ಎಂಬ ಸಂಖ್ಯೆ ಹೇಳಿ, ನೂರು, ಇಪ್ಪತ್ತೈದು, ಅರವತ್ತೇಳು, ಎಂಟು ಎಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಹಾಗೆಯೇ ಪ್ರತಿ ಮಗುವೂ ಮನೆಯ ಕೊಳವೆಬಾವಿಯ ನೀರನ್ನು ಬಾಟಲಿಯಲ್ಲಿ ತರಲಿ, ಫ್ಲೋರೈಡ್ ಪರೀಕ್ಷೆಗೆ ಕಳಿಸಿ, ಬಂದ ಅಂಕಿಯನ್ನು ಊರವರಿಗೆ ತಿಳಿಸಿ. ಪರಮಾಣುವನ್ನು ಕಾಣಲು ಅಮೀನಗಡದ ಮಕ್ಕಳು ದೂರ ಹೋಗಬೇಕಾಗಿಲ್ಲ.